ಐದು ಮಿಲಿಸೆಕೆಂಡಿನ ಬಿಂದಿಗೆ

ಕೋಲಾರದಿಂದ ತೇರಹಳ್ಳಿ ಬೆಟ್ಟ ಹತ್ತುವ ರಸ್ತೆಯಲ್ಲೇ ಆ ಕಾರಿನ ತೊಂದರೆ ಹೊರಬೀಳುತ್ತಿತ್ತು. ಊರೊಳಗೆ ಓಡಾಡುವಾಗ ಏನೂ ಇಲ್ಲ. ಹೈವೇಯಲ್ಲಿ ಮುಳಬಾಗಿಲಿನವರೆಗೆ ಹೋಗಿ ಬಂದರೂ ಏನೂ ಇಲ್ಲ. ಏರಿನಲ್ಲಿ ಎರಡನೇ ಗೇರ್ ಹಾಕಿ ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ಮಾತ್ರ, ಎಂಜಿನ್ನಿನ ಸುತ್ತು ತೋರಿಸುವ ಮೀಟರಿನ ಮುಳ್ಳು ನಿಮಿಷಕ್ಕೆ 5500 ದಾಟುತ್ತಿದ್ದಂತೆ ಎಂಜಿನ್ ಮಿಸ್ ಹೊಡೆಯುತ್ತಿತ್ತು. ಓಡುತ್ತಿರುವವನಿಗೆ ಬಿಕ್ಕಳಿಕೆ ಬಂದ ಹಾಗೆ.

ಕಾರು ನನ್ನ ಗೆಳೆಯನದು. 2000ದ ಸುಮಾರಿನ ಹೋಂಡಾ ಸಿಟಿ ವಿಟೆಕ್. ಬಾಗಿಲು ನಾಲ್ಕಿದ್ದರೂ ನಮ್ಮ ವಯಸ್ಸಿನವರಿಗೆ ಸ್ಪೋರ್ಟ್ಸ್ ಕಾರ್ ಅಂದರೆ ಅದೇ ಆಗಿತ್ತು. ಒಂದೂವರೆ ಲೀಟರಿನ ಪುಟ್ಟ ಎಂಜಿನ್, ಜೋರಾಗಿ ತಿರುಗಿಸಿದಷ್ಟೂ ಹುರುಪು ಬರುವಂಥದ್ದು. ಟೇಕಲ್ ರಸ್ತೆಯ ಕಡೆ ಅವನದೊಂದು ಗ್ಯಾರೇಜ್ ಇದೆ. ನಾನು ಕಾಲೇಜಿನಲ್ಲಿ ಭೌತವಿಜ್ಞಾನ ಹೇಳಿಕೊಡುವವನು. ಭಾನುವಾರ ಬಂದರೆ ಅಲ್ಲೇ ಇರುತ್ತೇನೆ. ಅಲ್ಲಿ ವೈರಿಂಗ್ ಕೆಲಸ ಮಾಡುವ ಭಾಯ್‌ಗೆ ನಲವತ್ತು ವರ್ಷದ ಅನುಭವ. ಎಂಜಿನ್ನಿನಿಂದ ಬಿಚ್ಚಿಟ್ಟ, ಕಿಡಿ ಹಾರಿಸುವ ನಾಲ್ಕು ಪ್ಲಗ್‌ಗಳನ್ನು ನೋಡಿ, "ಕಪ್ಪಗಿರೋದು ಮೂರನೇ ಸಿಲಿಂಡರ್ದು, ಅಲ್ವಾ?" ಅಂದಿದ್ದರು. ಸರಿಯಾಗಿಯೇ ಹೇಳಿದ್ದರು.

ತೊಂದರೆ ಪೆಟ್ರೋಲಿನದಲ್ಲ, ಕಿಡಿಯದು ಅನ್ನುವುದು ಅಲ್ಲಿಗೆ ಖಾತ್ರಿಯಾಯಿತು. ಆದರೆ ಏರಿನಲ್ಲೇ ಯಾಕೆ? ಅದೂ 5500 ದಾಟಿದ ಮೇಲೇ ಯಾಕೆ?

ನಮ್ಮ ಜಿಲ್ಲೆಯವರಿಗೆ ಹೈ ವೋಲ್ಟೇಜ್ ಹಳೆಯ ನೆಂಟ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿ ನೀರಿನಿಂದ ಮಾಡಿದ ಕರೆಂಟು ಸುಮಾರು 147 ಕಿಲೋಮೀಟರ್ ದೂರದ ಕೆಜಿಎಫ್ ಗಣಿಗಳಿಗೆ ತಂತಿಯಲ್ಲಿ ಬಂತು. ಆಗ ಆ ತಂತಿಯಲ್ಲಿದ್ದದ್ದು ಸುಮಾರು 30 ಸಾವಿರ ವೋಲ್ಟ್. ವೋಲ್ಟೇಜ್ ಏರಿಸಿದರೆ ಅಷ್ಟೇ ಶಕ್ತಿಯನ್ನು ಕಡಿಮೆ ಆಂಪಿಯರ್‌ನಲ್ಲಿ ಸಾಗಿಸಬಹುದು, ದಾರಿಯಲ್ಲಿ ಶಾಖವಾಗಿ ಪೋಲಾಗುವುದು ಕಡಿಮೆ. ಏರಿಸುವ ಕೆಲಸ ಟ್ರಾನ್ಸ್‌ಫಾರ್ಮರಿನದು. ಕಾರಿನಲ್ಲಿ ಕಿಡಿಗೆ ವೋಲ್ಟೇಜ್ ಒದಗಿಸುವ ಕಾಯಿಲ್ ಕೂಡ ಒಂದು ಟ್ರಾನ್ಸ್‌ಫಾರ್ಮರ್. ಅದೂ ಪ್ಲಗ್‌ಗೆ ಕೊಡುವುದು 20ರಿಂದ 40 ಸಾವಿರ ವೋಲ್ಟ್. ಇಡೀ ಗಣಿಯನ್ನು ಬೆಳಗಿಸಿದ ತಂತಿಯಲ್ಲಿದ್ದಷ್ಟೇ ವೋಲ್ಟೇಜ್ ಅಂಗೈಯಲ್ಲಿ ಹಿಡಿಸುವ ಡಬ್ಬಿಯೊಳಗೆ ಹುಟ್ಟುತ್ತದೆ ಅನ್ನುವುದು ನನಗೆ ಇವತ್ತಿಗೂ ಬೆರಗು.

ಆದರೆ ಬ್ಯಾಟರಿಯಿಂದ ಬರುವುದು 12 ವೋಲ್ಟ್, ಅದೂ ಒಂದೇ ದಿಕ್ಕಿನ ನೆಟ್ಟಗಿನ ಕರೆಂಟು. ಟ್ರಾನ್ಸ್‌ಫಾರ್ಮರ್‌ಗೆ ಬದಲಾವಣೆ ಬೇಕು. ಕಾಂತಕ್ಷೇತ್ರ ಬದಲಾದಾಗ ಮಾತ್ರ ಪಕ್ಕದ ಸುರುಳಿಯಲ್ಲಿ ವೋಲ್ಟೇಜ್ ಹುಟ್ಟುತ್ತದೆ ಎಂದು ಫ್ಯಾರಡೆ 1831ರಲ್ಲೇ ತೋರಿಸಿದ್ದರು. ಹಾಗಾಗಿ ಇಲ್ಲಿ ಮಾಡುವುದು ಇಷ್ಟು: ಮೊದಲ ಸುರುಳಿಗೆ ಕರೆಂಟು ಬಿಟ್ಟು, ಕಾಂತಕ್ಷೇತ್ರ ತುಂಬಿಕೊಳ್ಳಲು ಬಿಟ್ಟು, ತಟಕ್ಕನೆ ಕತ್ತರಿಸುವುದು. ಕ್ಷೇತ್ರ ಕುಸಿಯುವ ಆ ಕ್ಷಣದಲ್ಲಿ ಮೊದಲ ಸುರುಳಿಯಲ್ಲೇ ಮುನ್ನೂರು, ನಾನೂರು ವೋಲ್ಟ್ ಏಳುತ್ತದೆ. ಎರಡನೇ ಸುರುಳಿಯಲ್ಲಿ ಸುಮಾರು ನೂರು ಪಟ್ಟು ಹೆಚ್ಚು ಸುತ್ತುಗಳಿರುವುದರಿಂದ ಅದು ಸಾವಿರಗಟ್ಟಲೆ ಆಗುತ್ತದೆ.

ಇಲ್ಲಿ ಗಮನಿಸಬೇಕಾದ ಮಾತು 'ತುಂಬಿಕೊಳ್ಳಲು' ಅನ್ನುವುದು. ಸ್ವಿಚ್ ಹಾಕಿದ ತಕ್ಷಣ ಸುರುಳಿಯಲ್ಲಿ ಪೂರ್ತಿ ಕರೆಂಟು ಹರಿಯುವುದಿಲ್ಲ. ಸುರುಳಿ ತಡೆಯುತ್ತದೆ, ಕರೆಂಟು ಮೆಲ್ಲಗೆ ಏರುತ್ತದೆ. ಬೀದಿ ನಲ್ಲಿಯ ಮುಂದೆ ಬಿಂದಿಗೆ ಇಟ್ಟು ಕಾದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಲ್ಲಿ ಬರುವ ರಭಸ ಇಷ್ಟೇ, ಬಿಂದಿಗೆ ತುಂಬಲು ಇಷ್ಟು ಹೊತ್ತು ಬೇಕೇ ಬೇಕು. ಕಾಯಿಲ್‌ನಲ್ಲಿ ಇನ್ನೊಂದು ಕಷ್ಟ ಇದೆ. ಕೂಡಿಟ್ಟ ಶಕ್ತಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಇರುತ್ತದೆ. ಕರೆಂಟು ಅರ್ಧಕ್ಕೆ ಏರಿದಾಗಲೇ ಕತ್ತರಿಸಿದರೆ ಸಿಗುವ ಶಕ್ತಿ ಅರ್ಧ ಅಲ್ಲ, ಕಾಲು ಭಾಗ.

ಈಗ ಲೆಕ್ಕ ಹಾಕೋಣ. ನಾಲ್ಕು ಸಿಲಿಂಡರಿನ ಎಂಜಿನ್ ಒಂದು ಸುತ್ತಿಗೆ ಎರಡು ಕಿಡಿ ಕೇಳುತ್ತದೆ. ನಿಮಿಷಕ್ಕೆ 800 ಸುತ್ತಿನಲ್ಲಿ ಸುಮ್ನೆ ನಿಂತಿರುವಾಗ ಎರಡು ಕಿಡಿಗಳ ನಡುವೆ 37 ಮಿಲಿಸೆಕೆಂಡಿಗೂ ಜಾಸ್ತಿ ಬಿಡುವಿದೆ. 6000 ಸುತ್ತಿಗೆ ಬಂದರೆ ಸೆಕೆಂಡಿಗೆ 200 ಕಿಡಿ. ಅಂದರೆ ಒಂದಕ್ಕೆ 5 ಮಿಲಿಸೆಕೆಂಡ್. ಅದರಲ್ಲೂ ಕಿಡಿ ಉರಿಯಲು ಒಂದು, ಒಂದೂವರೆ ಮಿಲಿಸೆಕೆಂಡ್ ಹೋಗುತ್ತದೆ. ಉಳಿದದ್ದರಲ್ಲಿ ಒಂದೇ ಕಾಯಿಲ್ ತುಂಬಿಕೊಂಡು ಮುಂದಿನ ಸಿಲಿಂಡರಿಗೆ ಸುರಿಯಬೇಕು, ಮತ್ತೆ ತುಂಬಿಕೊಳ್ಳಬೇಕು. ಒಂದೇ ಬಿಂದಿಗೆಯಲ್ಲಿ ನಾಲ್ಕು ಮನೆಗೆ ನೀರು. ಕಾಯಿಲ್ ಹೊಸದಿದ್ದಾಗ ಇದು ನಡೆಯುತ್ತದೆ, ಕಂಪನಿಯವರು ಲೆಕ್ಕ ಹಾಕಿಯೇ ಮಾಡಿರುತ್ತಾರೆ. ಇಪ್ಪತ್ತು ವರ್ಷ ಬಿಸಿ ತಿಂದ ಮೇಲೆ ಆ ಲೆಕ್ಕದಲ್ಲಿ ಮಿಗುತ್ತಿದ್ದದ್ದು ಕರಗಿಹೋಗಿರುತ್ತದೆ.

ಇನ್ನು ಏರಿನ ವಿಷಯ. ಹೊರಗಿನ ಗಾಳಿಯಲ್ಲಿ ಒಂದು ಮಿಲಿಮೀಟರ್ ಸಂದು ಹಾರಲು ಕಿಡಿಗೆ ಸುಮಾರು 3 ಸಾವಿರ ವೋಲ್ಟ್ ಸಾಕು. ಸಿಲಿಂಡರಿನೊಳಗೆ ಗಾಳಿ ಒತ್ತಿ ತುಂಬಿದಾಗ ಅದೇ ಸಂದಿಗೆ ಹತ್ತು, ಇಪ್ಪತ್ತು ಸಾವಿರ ಬೇಕಾಗುತ್ತದೆ. ಕಣಗಳು ಒತ್ತೊತ್ತಾಗಿರುವುದರಿಂದ ಎಲೆಕ್ಟ್ರಾನ್‌ಗಳಿಗೆ ಓಡಿ ವೇಗ ಪಡೆಯಲು ಜಾಗ ಸಿಗುವುದಿಲ್ಲ. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗಲೇ ಸಿಲಿಂಡರ್ ಪೂರ್ತಿ ತುಂಬುವುದು. ಹಾಗಾಗಿ ಬೆಟ್ಟದ ಏರಿನಲ್ಲಿ ಕಾಯಿಲ್‌ನಿಂದ ಕೇಳುವ ವೋಲ್ಟೇಜ್ ಅತಿ ಜಾಸ್ತಿ, ಅದಕ್ಕೆ ಸಿಗುವ ಹೊತ್ತು ಅತಿ ಕಡಿಮೆ. ಎರಡೂ ಒಟ್ಟಿಗೆ ಬಂದಾಗಲೇ ನಮ್ಮ ಕಾರು ಬಿಕ್ಕುತ್ತಿದ್ದದ್ದು.

ದಾರಿಯಲ್ಲಿ ಸೋರಿಕೆ ಬೇರೆ. ಕರೆಂಟನ್ನು ನಾಲ್ಕು ಪ್ಲಗ್‌ಗೂ ಸರದಿಯಲ್ಲಿ ಹಂಚುವ ಡಿಸ್ಟ್ರಿಬ್ಯೂಟರಿನೊಳಗೆ ತಿರುಗುವ ರೋಟರ್ ತುದಿಗೂ ಕ್ಯಾಪಿನ ಒಳಗಿನ ಮೊಳೆಗೂ ನಡುವೆ ಒಂದು ಸಂದು ಇದೆ, ಕಿಡಿ ಮೊದಲು ಅದನ್ನು ಹಾರಬೇಕು. ಆಮೇಲೆ ಉದ್ದದ ಪ್ಲಗ್ ವೈರ್. ಆಮೇಲೆ ಪ್ಲಗ್. ಕ್ಯಾಪಿನೊಳಗೆ ಹಾರುವ ಕಿಡಿ ಗಾಳಿಯನ್ನು ಓಝೋನ್ ಮಾಡುತ್ತದೆ. ಹಳೆಯ ಕ್ಯಾಪ್ ಬಿಚ್ಚಿದಾಗ ಮೂಗಿಗೆ ಬಡಿಯುವ ಆ ಘಾಟು ಅದರದೇ. ಅದು ಒಳಗಿನ ಲೋಹವನ್ನು ತಿನ್ನುತ್ತದೆ. ಹೊಸ ಕ್ಯಾಪ್ ಹಾಕಿದ್ದೆವು. ಆದರೆ ಈಗ ಸುಲಭವಾಗಿ ಸಿಗುವುದು ಡೂಪ್ಲಿಕೇಟ್ ಮಾಲು, ಮೂರು ತಿಂಗಳೂ ಬರಲಿಲ್ಲ. ಬದಲಿಗೆ ಈಗಿನ ಕಾರುಗಳ ಕಾಯಿಲ್ ಎಲ್ಲಾ ಊರಿನಲ್ಲೂ ಸಿಗುತ್ತದೆ. ಒಂದೊಂದು ಸಿಲಿಂಡರಿಗೆ ಒಂದೊಂದು ಕಾಯಿಲ್ ಕೊಡೋಣ ಅಂತ ತೀರ್ಮಾನ ಮಾಡಿದ್ದು ಆಗ.

"ಡೆಲ್ಕೋ ತೆಗೆದ್ರೆ ಕರೆಂಟ್ ಯಾರು ಹಂಚ್ತಾರೆ ಸಾರ್?" ಎಂದು ಕೇಳಿದರು ಭಾಯ್. ಹಳೆಯ ಮೆಕ್ಯಾನಿಕ್‌ಗಳ ಬಾಯಲ್ಲಿ ಡಿಸ್ಟ್ರಿಬ್ಯೂಟರ್‌ಗೆ ಡೆಲ್ಕೋ ಅಂತಲೇ ಹೆಸರು. ಅದು ಅಮೆರಿಕದ ಡೇಟನ್ ಊರಿನಲ್ಲಿ ಚಾರ್ಲ್ಸ್ ಕೆಟರಿಂಗ್ 1909ರಲ್ಲಿ ಕಟ್ಟಿದ ಕಂಪನಿಯ ಹೆಸರು. ಬ್ಯಾಟರಿ, ಒಂದು ಕಾಯಿಲ್, ಕರೆಂಟು ಕತ್ತರಿಸುವ ಪಾಯಿಂಟ್, ಡಿಸ್ಟ್ರಿಬ್ಯೂಟರ್ ಸೇರಿಸಿ ಅವರು ಮಾಡಿದ ಏರ್ಪಾಡು ಎಷ್ಟೋ ದಶಕ ಕಾರುಗಳನ್ನು ಓಡಿಸಿತು.

ಆದರೆ ಒಂದೊಂದು ಸಿಲಿಂಡರಿಗೆ ಒಂದೊಂದು ಕಾಯಿಲ್ ಅನ್ನುವುದು ಅದಕ್ಕಿಂತಲೂ ಹಳೆಯ ಯೋಚನೆ. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ನಾಲ್ಕು ಸಿಲಿಂಡರಿಗೆ ನಾಲ್ಕು ಕಾಯಿಲ್, ಪ್ರತಿಯೊಂದೂ ಒಂದು ಮರದ ಡಬ್ಬಿಯೊಳಗೆ! ನಾಲ್ಕರ ಜಾಗದಲ್ಲಿ ಒಂದೇ ಕಾಯಿಲ್ ಸಾಕು ಅನ್ನಿಸಿದಾಗ ಹಂಚುವವನೊಬ್ಬ ಬೇಕಾದ. ಈಗ ಟ್ರಾನ್ಸಿಸ್ಟರ್, ಕಂಪ್ಯೂಟರ್ ಅಗ್ಗವಾದ ಮೇಲೆ ಆ ಹಂಚುವವನೇ ಬೇಡವಾದ. ನಮ್ಮ ನರಸಾಪುರದ ಕಾರ್ಖಾನೆಯಿಂದ ಹೊರಬರುವ ಸ್ಕೂಟರಿನಲ್ಲಿ ಈ ಗೋಜೇ ಇಲ್ಲ, ಒಂದು ಸಿಲಿಂಡರ್, ಒಂದು ಕಾಯಿಲ್.

ನಡುವಿನ ದಾರಿಯೂ ಒಂದಿದೆ. 1989ರಲ್ಲಿ ಬಂದ ಮಾಜ್ದಾ ಎಂಎಕ್ಸ್-5 ಎಂಬ ಎರಡು ಸೀಟಿನ ಕಾರಿನಲ್ಲಿ ನಾಲ್ಕು ಪ್ಲಗ್‌ಗೆ ಎರಡು ಕಾಯಿಲ್. ಒಂದು ಕಾಯಿಲ್ ಎರಡು ಪ್ಲಗ್‌ಗೆ ಒಟ್ಟಿಗೆ ಕಿಡಿ ಕೊಡುತ್ತದೆ, ಒಂದು ಕೆಲಸಕ್ಕೆ ಬರುತ್ತದೆ, ಇನ್ನೊಂದು ಹೊಗೆ ಹೊರಹೋಗುತ್ತಿರುವ ಸಿಲಿಂಡರಿನಲ್ಲಿ ವ್ಯರ್ಥ. ಇದರಲ್ಲಿ ಒಂದು ಪ್ಲಗ್‌ನಲ್ಲಿ ಕಿಡಿ ಯಾವಾಗಲೂ ಉಲ್ಟಾ ಹಾರಬೇಕು, ಅದಕ್ಕೆ ವೋಲ್ಟೇಜ್ ಸ್ವಲ್ಪ ಜಾಸ್ತಿ ಬೇಕು. ಆ ಕಾರನ್ನು ಇಟ್ಟುಕೊಂಡವರಲ್ಲಿ ಎಷ್ಟೋ ಜನ ಟೊಯೊಟಾದಂಥ ಹೊಸ ಕಾರುಗಳ ಕಾಯಿಲ್ ತಂದು ನಾಲ್ಕು ಪ್ಲಗ್‌ಗೂ ಬೇರೆ ಬೇರೆ ಕೂರಿಸಿಕೊಂಡಿದ್ದಾರೆ.

ಕಾಯಿಲ್ ಕೂರಿಸುವುದು ಸುಲಭ. ವಾಲ್ವ್ ಕವರ್ ಪಕ್ಕ ಒಂದು ಅಲ್ಯುಮಿನಿಯಂ ಪಟ್ಟಿ, ಅದರ ಮೇಲೆ ನಾಲ್ಕು ಕಾಯಿಲ್, ಪ್ಲಗ್‌ವರೆಗೆ ಗೇಣುದ್ದದ ವೈರ್. ಕಷ್ಟ ಇರುವುದು ಯಾವ ಕಾಯಿಲ್ ಯಾವಾಗ ಅನ್ನುವುದರಲ್ಲಿ. 6000 ಸುತ್ತಿನಲ್ಲಿ ಕ್ರ್ಯಾಂಕ್, ಅಂದರೆ ಪಿಸ್ಟನ್‌ಗಳು ತಿರುಗಿಸುವ ಎಂಜಿನ್ನಿನ ಮುಖ್ಯ ದಂಡ, ಒಂದು ಮಿಲಿಸೆಕೆಂಡಿಗೆ 36 ಡಿಗ್ರಿ ತಿರುಗುತ್ತದೆ. ಡಿಸ್ಟ್ರಿಬ್ಯೂಟರ್ ಬೆಲ್ಟಿನ ಆಚೆ ಎಲ್ಲೋ ಕೂತಿರುತ್ತದೆ, ಬೆಲ್ಟ್ ಅಲುಗಿದರೆ ಟೈಮಿಂಗೂ ಅಲುಗುತ್ತದೆ. ಅದಕ್ಕೆ ಕ್ರ್ಯಾಂಕ್ ಪುಲ್ಲಿಗೇ ಒಂದು ಹಲ್ಲಿನ ಚಕ್ರ ಹಾಕಿದೆವು. 36 ಹಲ್ಲಿನ ಜಾಗದಲ್ಲಿ 35 ಹಲ್ಲು, ಒಂದು ಖಾಲಿ. ಆ ಖಾಲಿ ಜಾಗ ಸೆನ್ಸರ್ ಮುಂದೆ ಹಾದಾಗ ಎಂಜಿನ್ ಎಲ್ಲಿದೆ ಅಂತ ಕಿಡಿಯ ಹೊತ್ತು ನಿರ್ಧರಿಸುವ ಕಂಟ್ರೋಲರಿಗೆ ತಿಳಿಯುತ್ತದೆ. ಇಷ್ಟೇ ಸಾಲದು. ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಎಂಜಿನ್ನಿನ ಒಂದು ಆವರ್ತ. ಒಂದನೇ ಸಿಲಿಂಡರ್ ಮೇಲಕ್ಕೆ ಬಂದಿದ್ದು ಗಾಳಿ ಒತ್ತಲೋ, ಹೊಗೆ ದಬ್ಬಲೋ ಅಂತ ಹೇಳಲು ವಾಲ್ವ್ ತೆರೆಯುವ ಕ್ಯಾಮ್ ಕಡೆಯಿಂದಲೂ ಒಂದು ಸುಳಿವು ಬೇಕು. ಹಳೆಯ ಡಿಸ್ಟ್ರಿಬ್ಯೂಟರಿನ ಒಳಗೇ ಅದಕ್ಕೊಂದು ಸೆನ್ಸರ್ ಇತ್ತು. ಹಂಚುವ ಕೆಲಸ ಬಿಡಿಸಿ ಸುಳಿವು ಕೊಡುವ ಕೆಲಸಕ್ಕೆ ಅದನ್ನು ಉಳಿಸಿಕೊಂಡೆವು. ಭಾಯ್‌ಗೆ ಸಮಾಧಾನವಾಯಿತು.

ಕಂಟ್ರೋಲರ್ ಆಗಿ ಸ್ಪೀಡುಯಿನೋ ಹಾಕಿದೆವು. ಆರ್ಡುಯಿನೋ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿನ ಮೇಲೆ ನಡೆಯುವ, ಯಾರು ಬೇಕಾದರೂ ಕಟ್ಟಿಕೊಳ್ಳಬಹುದಾದ ಮುಕ್ತ ವಿನ್ಯಾಸ ಅದು. ಇಲ್ಲಿ ನನ್ನಿಂದ ಒಂದು ತಪ್ಪಾಯಿತು. ಕಂಟ್ರೋಲರಿನ ಸಿಗ್ನಲ್ ಏರಿದಾಗ ಕಿಡಿ ಹಾರಬೇಕೋ, ಇಳಿದಾಗ ಹಾರಬೇಕೋ ಅನ್ನುವ ಆಯ್ಕೆ ಇರುತ್ತದೆ. ನಾನು ಉಲ್ಟಾ ಇಟ್ಟೆ. ಕೀ ತಿರುಗಿಸಿದ ಕೂಡಲೇ ಕಾಯಿಲ್‌ಗಳು ತುಂಬಿಕೊಳ್ಳಲು ಶುರುವಾದವು, ಕತ್ತರಿಸುವವರೇ ಇಲ್ಲ. ತುಂಬಿದ ಬಿಂದಿಗೆಯಿಂದ ನೀರು ಚೆಲ್ಲಿದರೆ ನೆಲ ಒದ್ದೆಯಾಗುತ್ತದೆ, ತುಂಬಿದ ಕಾಯಿಲ್‌ಗೆ ಕರೆಂಟು ಬಿಟ್ಟರೆ ಅದೆಲ್ಲಾ ಶಾಖ. ಸುಟ್ಟ ವಾಸನೆ ಬಂದಾಗ ಎಚ್ಚೆತ್ತು ಕೀ ತೆಗೆದೆ, ಅಷ್ಟರಲ್ಲಿ ಒಂದು ಕಾಯಿಲ್ ಹೋಗಿತ್ತು. ಈ ಕೆಲಸಕ್ಕೆ ಕೈ ಹಾಕುವವರು ಮೊದಲು ನೋಡಬೇಕಾದ್ದು ಇದನ್ನೇ. ಎಷ್ಟು ಹೊತ್ತು ತುಂಬಬೇಕು ಅನ್ನುವುದನ್ನೂ ಆ ಕಾಯಿಲ್‌ಗೆ ತಕ್ಕಂತೆ ಇಡಬೇಕು, ನಮ್ಮದಕ್ಕೆ 3 ಮಿಲಿಸೆಕೆಂಡ್ ಸಾಕಾಯಿತು. ಸ್ಟಾರ್ಟ್ ಮಾಡುವಾಗ ಬ್ಯಾಟರಿ ಹತ್ತು ವೋಲ್ಟಿಗೆ ಇಳಿಯುತ್ತದೆ, ನಲ್ಲಿಯ ರಭಸ ಕಡಿಮೆಯಾದ ಹಾಗೆ. ಆಗ ಇನ್ನಷ್ಟು ಹೊತ್ತು ಕೊಡಬೇಕು. ಎಂಜಿನ್ ಓಡುವಾಗ ಕಾಯಿಲ್ ವೈರಿಗೆ ಕೈ ಹಾಕಬೇಡಿ, ಎದೆಯಲ್ಲಿ ಪೇಸ್‌ಮೇಕರ್ ಇರುವವರು ಹತ್ತಿರವೂ ಬರಬಾರದು.

ಈಗ 6000 ಸುತ್ತಿನಲ್ಲೂ ಒಂದು ಕಾಯಿಲ್‌ಗೆ 20 ಮಿಲಿಸೆಕೆಂಡಿಗೊಮ್ಮೆ ಮಾತ್ರ ಕೆಲಸ. ಮೂರು ತುಂಬಲು, ಒಂದೂವರೆ ಉರಿಯಲು, ಉಳಿದದ್ದೆಲ್ಲಾ ತಣ್ಣಗಾಗಲು. ಇದರಿಂದ ಇಷ್ಟು ಹಾರ್ಸ್‌ಪವರ್ ಜಾಸ್ತಿಯಾಗುತ್ತೆ ಅಂತ ಹೇಳಿ ಕಿಟ್ ಮಾರುವವರನ್ನು ನಂಬಬೇಡಿ. ಮಿಶ್ರಣಕ್ಕೆ ಸರಿಯಾಗಿ ಬೆಂಕಿ ಹೊತ್ತಿದ ಮೇಲೆ ಕಿಡಿ ದೊಡ್ಡದಿದ್ದರೂ ಚಿಕ್ಕದಿದ್ದರೂ ಪೆಟ್ರೋಲಿನ ಶಕ್ತಿ ಅಷ್ಟೇ. ನಮಗೆ ಸಿಕ್ಕಿದ್ದು ಕಳೆದುಹೋಗಿದ್ದ ಶಕ್ತಿ.

ತೇರಹಳ್ಳಿ ಏರಿನಲ್ಲಿ ಅದೇ ಎರಡನೇ ಗೇರ್, ಅದೇ ತಿರುವು. ಮುಳ್ಳು 5500 ದಾಟಿ, 6000 ದಾಟಿ ಒಂದೇ ಸ್ವರದಲ್ಲಿ ಹೋಯಿತು. ಎರಡು ಸಾವಿರ ಕಿಲೋಮೀಟರ್ ಆದ ಮೇಲೆ ಒಂದು ಭಾನುವಾರ ಪ್ಲಗ್ ಬಿಚ್ಚಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟೆವು. ನಾಲ್ಕೂ ತೆಳು ಕಾಫಿ ಬಣ್ಣ. ಭಾಯ್ ಒಂದೊಂದನ್ನೂ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು.

"ಮೂರನೇದು ಯಾವುದು ಅಂತ ಈಗ ಗೊತ್ತಾಗಲ್ಲ ಸಾರ್" ಅಂದರು.