ದೊಡ್ಡ ಪ್ರಾಣಿಗಳ ಮರುಪರಿಚಯ ಮತ್ತು ಪರಿಸರ ವ್ಯವಸ್ಥೆಯ ಚೇತರಿಕೆ

ಒಂದು ಪ್ರದೇಶದಿಂದ ಅಳಿದುಹೋದ ಪ್ರಾಣಿಯನ್ನು ಬೇರೆಡೆಯಿಂದ ತಂದು ಅಲ್ಲಿ ಮತ್ತೆ ನೆಲೆಗೊಳಿಸುವುದಕ್ಕೆ ಮರುಪರಿಚಯ ಎನ್ನುತ್ತಾರೆ. ಪರಿಸರ ವ್ಯವಸ್ಥೆಯ ಚೇತರಿಕೆಯೇ ಗುರಿಯಾಗಿದ್ದರೆ, ಎಷ್ಟು ಪ್ರಾಣಿಗಳು ಬದುಕುಳಿದವು ಎಂಬುದರ ಜೊತೆಗೆ, ಮೇಯುವುದು, ಬೇಟೆಯಾಡುವುದು, ಬೀಜ ಹರಡುವುದು ಮುಂತಾದ ಅವುಗಳ ಹಳೆಯ ಕೆಲಸ ಮತ್ತೆ ನಡೆಯುತ್ತಿದೆಯೇ ಎಂಬುದನ್ನೂ ನೋಡಬೇಕಾಗುತ್ತದೆ.

ಎಲ್ಲರೂ ಮೊದಲು ಹೆಸರಿಸುವ ಉದಾಹರಣೆ ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನ. ಅಲ್ಲಿ 1920ರ ದಶಕದಲ್ಲಿ ತೋಳಗಳನ್ನು ನಿರ್ಮೂಲಗೊಳಿಸಿದ ಮೇಲೆ ಎಲ್ಕ್ ಜಿಂಕೆಗಳು ಹೊಳೆದಂಡೆಯ ವಿಲ್ಲೋ ಗಿಡಗಳ ಚಿಗುರನ್ನು ಮೇಲೇಳಗೊಡದೆ ಮೇಯುತ್ತಿದ್ದವು. 1995 ಮತ್ತು 1996ರಲ್ಲಿ ಕೆನಡಾದಿಂದ 31 ತೋಳಗಳನ್ನು ತಂದು ಬಿಡಲಾಯಿತು. ಎಲ್ಕ್ ಸಂಖ್ಯೆ ಇಳಿಯಿತು, ಕೆಲವೆಡೆ ವಿಲ್ಲೋ ಎತ್ತರಕ್ಕೆ ಬೆಳೆಯಿತು. ತೋಳಗಳು ನದಿಯ ದಿಕ್ಕನ್ನೇ ಬದಲಿಸಿದವು ಎಂಬ ಜನಪ್ರಿಯ ಮಾತನ್ನು ಮಾತ್ರ ಹಾಗೆಯೇ ಒಪ್ಪಿಕೊಳ್ಳಬಾರದು. ಎಲ್ಕ್ ಇಳಿಮುಖವಾದುದರಲ್ಲಿ ಕರಡಿ, ಪೂಮಾ ಎಂಬ ದೊಡ್ಡ ಕಾಡುಬೆಕ್ಕು ಮತ್ತು ಉದ್ಯಾನದ ಹೊರಗಿನ ಮನುಷ್ಯರ ಬೇಟೆಗೂ ಪಾಲಿದೆ. ಅದಕ್ಕಿಂತ ಮುಖ್ಯವಾದ ತೊಡಕು ನೀರಿನದು. ತೋಳಗಳಿಲ್ಲದ ದಶಕಗಳಲ್ಲಿ ಅನೇಕ ಹೊಳೆಗಳಿಂದ, ವಿಲ್ಲೋ ತಿಂದು ಬದುಕುವ ದೊಡ್ಡ ದಂಶಕಗಳಾದ ಬೀವರ್‌ಗಳೂ ಕಾಣೆಯಾಗಿ, ಅವು ಕಟ್ಟುತ್ತಿದ್ದ ಒಡ್ಡುಗಳಿಲ್ಲದೆ ಹರಿವು ತಳವನ್ನು ಆಳಕ್ಕೆ ಕೊರೆದು, ದಂಡೆಯ ಅಂತರ್ಜಲ ವಿಲ್ಲೋ ಬೇರುಗಳಿಗೆ ಎಟುಕದಷ್ಟು ಕೆಳಗಿಳಿದಿತ್ತು. ಅಂಥ ಕಡೆ ಮೇಯುವ ಬಾಯಿ ಕಡಿಮೆಯಾದರೂ ಗಿಡ ಕುಳ್ಳಾಗಿಯೇ ಉಳಿಯುತ್ತದೆ. ವಿಲ್ಲೋ ಬೆಳೆಯದೆ ಬೀವರ್ ಬರುವುದಿಲ್ಲ, ಬೀವರ್ ಬಾರದೆ ನೀರು ಮೇಲೇರುವುದಿಲ್ಲ. ಕಳೆದುಹೋದ ಕೊಂಡಿ ಒಂದೇ ಆಗಿರದಿದ್ದರೆ ಒಂದೇ ಪ್ರಾಣಿಯಿಂದ ಸರಪಳಿ ಕೂಡಿಕೊಳ್ಳದು.

ನೆದರ್‌ಲ್ಯಾಂಡ್ಸ್‌ನ ಓಸ್ಟ್‌ವಾರ್ಡರ್ಸ್‌ಪ್ಲಾಸೆನ್ ಎಂಬ ಸಂರಕ್ಷಿತ ಪ್ರದೇಶದಲ್ಲಿ ಆದದ್ದು ಇದಕ್ಕೆ ತಿರುವುಮುರುವು. ಬೇಲಿಯೊಳಗೆ ದನ, ಕುದುರೆ, ಕೆಂಪು ಜಿಂಕೆಗಳನ್ನು ಬಿಟ್ಟರು. ಅವನ್ನು ಬೇಟೆಯಾಡುವ ಪ್ರಾಣಿಯಿರಲಿಲ್ಲ, ಚಳಿಗಾಲದಲ್ಲಿ ವಲಸೆ ಹೋಗಲು ದಾರಿಯೂ ಇರಲಿಲ್ಲ. 2017–18ರ ಚಳಿಗಾಲದಲ್ಲಿ ಸಾವಿರಾರು ಪ್ರಾಣಿಗಳು ಸತ್ತವು. ಹಸಿವಿನಿಂದ ನರಳುತ್ತಿದ್ದ ಬಹುಪಾಲನ್ನು ಗುಂಡಿಕ್ಕಿ ಕೊಲ್ಲಬೇಕಾಯಿತು.

ಹೆಚ್ಚು ಪ್ರಚಾರ ಸಿಗದಿದ್ದರೂ, ನನ್ನ ದೃಷ್ಟಿಯಲ್ಲಿ ಅತ್ಯಂತ ಸ್ಪಷ್ಟವಾದ ಉದಾಹರಣೆ ಮಾರಿಷಸ್‌ನ ಇಲ್ ಓಜೆಗ್ರೆಟ್ ದ್ವೀಪದ್ದು. ಅಲ್ಲಿನ ಮೂಲ ದೈತ್ಯ ಆಮೆಗಳು ಅಳಿದ ಮೇಲೆ, ಎಬೊನಿ ಮರದ ದೊಡ್ಡ ಹಣ್ಣುಗಳನ್ನು ನುಂಗಿ ದೂರಕ್ಕೊಯ್ಯುವವರಿಲ್ಲದೆ, ಬೀಜಗಳು ತಾಯಿಮರದ ಬುಡದಲ್ಲೇ ಬೀಳುತ್ತಿದ್ದವು. ಮೂಲ ಪ್ರಭೇದವೇ ಇಲ್ಲವಾದ್ದರಿಂದ ಹಿಂದೂ ಮಹಾಸಾಗರದ ಅಲ್ಡಾಬ್ರಾ ದ್ವೀಪದ ದೈತ್ಯ ಆಮೆಗಳನ್ನು ಬದಲಿಯಾಗಿ ತರಲಾಯಿತು. ಅವುಗಳ ಕರುಳನ್ನು ಹಾದುಬಂದ ಬೀಜಗಳು ಹೆಚ್ಚು ಚೆನ್ನಾಗಿ ಮೊಳೆತವು, ಮರಗಳಿಲ್ಲದ ಜಾಗದಲ್ಲೂ ಸಸಿಗಳು ಎದ್ದವು. ಬದಲಿ ಪ್ರಭೇದವನ್ನು ಆರಿಸುವಾಗ ಆಮೆಗೆ ಇನ್ನೊಂದು ಅನುಕೂಲವಿದೆ: ಪ್ರಯೋಗ ಕೈಕೊಟ್ಟರೆ ಅದನ್ನು ಹುಡುಕಿ ಹಿಂದಕ್ಕೆ ತರುವುದು ಸುಲಭ. ತೋಳದ ವಿಷಯದಲ್ಲಿ ಆ ಮಾತು ಹೇಳಲಾಗದು.