ಮೆಂತ್ಯದ ನೀರು ಕುಡಿದರೆ ಕೊಲೆಸ್ಟ್ರಾಲ್ ಇಳಿಯುತ್ತಾ?

ಪ್ರಶ್ನೆ: ನಮ್ಮ ಯಜಮಾನರಿಗೆ ಕೊಲೆಸ್ಟ್ರಾಲ್ ಜಾಸ್ತಿ ಅಂತ ಮಾತ್ರೆ ಕೊಟ್ಟಿದ್ದಾರೆ. ರಾತ್ರಿ ಮೆಂತ್ಯ ನೆನೆಸಿ ಬೆಳಗ್ಗೆ ಆ ನೀರು ಕುಡಿಸ್ತಿದೀನಿ. ಮಾತ್ರೆ ಬಿಡಬಹುದಾ?
– ಸಕಲೇಶಪುರದ ಓದುಗರು

ಉತ್ತರ: ಮಾತ್ರೆ ಬಿಡಿಸಬೇಡಿ. ಮೆಂತ್ಯ ಮುಂದುವರಿಸಿ, ಆದರೆ ನೀರು ಕುಡಿಸಿ ಕಾಳು ಚೆಲ್ಲುತ್ತಿದ್ದರೆ ಕೆಲಸಕ್ಕೆ ಬರುವ ಭಾಗವೇ ತಿಪ್ಪೆ ಸೇರುತ್ತಿದೆ.

ನೆನೆದ ಕಾಳನ್ನು ಬೆರಳಲ್ಲಿ ಹಿಸುಕಿ ನೋಡಿ, ಲೋಳೆ ಜಾರುತ್ತದೆ. ಅದು ಗ್ಯಾಲಕ್ಟೋಮ್ಯಾನನ್ ಎಂಬ ಕರಗುವ ನಾರು. ಕೊಬ್ಬು ಜೀರ್ಣಿಸಲು ಬೇಕಾದ ಪಿತ್ತಾಮ್ಲಗಳನ್ನು ಲಿವರ್ ತಯಾರಿಸುವುದು ಕೊಲೆಸ್ಟ್ರಾಲ್‌ನಿಂದಲೇ. ಕೆಲಸ ಮುಗಿದ ಮೇಲೆ ಅವುಗಳಲ್ಲಿ ಸುಮಾರು ಶೇ 95ರಷ್ಟು ಸಣ್ಣ ಕರುಳಿನ ಕೊನೆಯಲ್ಲಿ ಹೀರಲ್ಪಟ್ಟು ಮತ್ತೆ ಲಿವರ್ ಸೇರುತ್ತವೆ. ಲೋಳೆಗೆ ಸಿಕ್ಕಿಕೊಂಡವು ಮಾತ್ರ ಮಲದ ಜೊತೆ ಹೊರಟುಬಿಡುತ್ತವೆ. ಆ ಕೊರತೆ ತುಂಬಲು ಲಿವರ್ ರಕ್ತದಲ್ಲಿರುವ ಎಲ್‌ಡಿಎಲ್ ಅನ್ನು, ಅಂದರೆ ಕೆಟ್ಟ ಕೊಲೆಸ್ಟ್ರಾಲನ್ನು, ಎಳೆದುಕೊಳ್ಳುತ್ತದೆ. ಕಾಳಿನ ಕಹಿಗೆ ಪಾಲು ಕೊಡುವ ಸಪೋನಿನ್‌ಗಳೂ ಕೊಲೆಸ್ಟ್ರಾಲ್ ಹೀರಿಕೆಗೆ ಅಡ್ಡ ಬರುತ್ತವೆ ಎಂದು ಪ್ರಾಣಿಗಳ ಮೇಲಿನ ಪ್ರಯೋಗಗಳು ತೋರಿಸಿವೆ.

ಪ್ರಮಾಣದ ಮಾತು ಮುಖ್ಯ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಟೈಪ್ 1 ಮಧುಮೇಹಿಗಳಿಗೆ ಕೊಟ್ಟದ್ದು ದಿನಕ್ಕೆ 100 ಗ್ರಾಂ, ಅದೂ ಜಿಡ್ಡು ತೆಗೆದ ಪುಡಿ, 10 ದಿನ. ಎಲ್‌ಡಿಎಲ್, ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಇನ್ನೊಂದು ಬಗೆಯ ಕೊಬ್ಬು) ಇಳಿದವು. ಒಳ್ಳೆಯ ಕೊಲೆಸ್ಟ್ರಾಲ್ ಎನ್ನುವ ಎಚ್‌ಡಿಎಲ್ ಹಾಗೇ ಇತ್ತು. ನಾವು ನೆನೆಸುವ ಒಂದು ಚಮಚ ನಾಲ್ಕೈದು ಗ್ರಾಂ ಅಷ್ಟೆ. ಅದರಿಂದ ಮಾತ್ರೆಯಷ್ಟು ಫಲ ಕೇಳುವುದು ಸರಿಯಲ್ಲ.

ಕಾಳನ್ನು ಚೆನ್ನಾಗಿ ಅಗಿದು ತಿನ್ನಲಿ, ಇಲ್ಲವೇ ಪುಡಿ ಮಾಡಿ ರೊಟ್ಟಿ ಹಿಟ್ಟಿಗೆ, ಮಜ್ಜಿಗೆಗೆ ಸೇರಿಸಿ. ನಮ್ಮ ಹಾಸನದ ಕಡೆ ಬಾಣಂತಿಗೆ ಮಾಡುವ ಮೆಂತ್ಯದ ಮುದ್ದೆ ಇವರಿಗೂ ಆದೀತು, ಗುಳಿ ತೋಡಿ ಹೊಯ್ಯುವ ತುಪ್ಪ ಮಾತ್ರ ಬೇಡ. ಇನ್ನೊಂದು ಮಾತು ಹೇಳಲೇಬೇಕು: ಪುಡಿ ಕುದಿಸಿ ಸರಿಯಾಗಿ ಶೋಧಿಸದೆ ಲೋಟಕ್ಕೆ ಬಗ್ಗಿಸುವ ಕಾಫಿಯಲ್ಲಿ ಕೆಫೆಸ್ಟಾಲ್ ಎಂಬ ಅಂಶ ಉಳಿಯುತ್ತದೆ, ಅದು ಎಲ್‌ಡಿಎಲ್ ಏರಿಸುತ್ತದೆ. ದಿನಕ್ಕೆ ನಾಲ್ಕೈದು ಲೋಟ ಕುಡಿಯುವ ಮನೆಗಳಲ್ಲಿ ಇದು ಸಣ್ಣ ವಿಷಯವಲ್ಲ. ಪೇಪರ್ ಫಿಲ್ಟರಿನಲ್ಲಿ ಇಳಿಸಿದರೆ ಬಹುಪಾಲು ಹೋಗುತ್ತದೆ.

ಯಜಮಾನರು ಶುಗರ್ ಮಾತ್ರೆ ಅಥವಾ ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೆಂತ್ಯದ ವಿಷಯ ಡಾಕ್ಟರಿಗೆ ಮೊದಲೇ ತಿಳಿಸಿ. ಶುಗರ್ ತೀರಾ ಇಳಿಯಬಹುದು, ರಕ್ತ ಹೆಚ್ಚು ತೆಳುವಾಗಬಹುದು. ಗರ್ಭಿಣಿಯರು ಔಷಧಿಯಂತೆ ಹೆಚ್ಚು ತಿನ್ನಬಾರದು. ಲೋಳೆ ಮಾತ್ರೆಯನ್ನೂ ತಡೆಯಬಹುದಾದ್ದರಿಂದ ಎರಡರ ನಡುವೆ ಒಂದೆರಡು ಗಂಟೆ ಬಿಡಿ. ಎರಡು ಮೂರು ತಿಂಗಳಿಗೆ ಲಿಪಿಡ್ ಪ್ರೊಫೈಲ್ (ಕೊಲೆಸ್ಟ್ರಾಲಿನ ರಕ್ತಪರೀಕ್ಷೆ) ಮಾಡಿಸಿ, ಹಳೆ ರಿಪೋರ್ಟನ್ನೂ ಜೊತೆಗೆ ಒಯ್ಯಿರಿ. ಮಾತ್ರೆ ಕಡಿಮೆ ಮಾಡುವುದಿದ್ದರೆ ಡಾಕ್ಟರೇ ಮಾಡಲಿ.