ಇಲಿ ಬಿದ್ದ ಮನೆ

ಹಾಸನದಲ್ಲಿ ನಾವಿದ್ದ ವಠಾರದಲ್ಲಿ ಆರು ಮನೆ, ಒಂದೇ ನಲ್ಲಿ. ಅಟ್ಟದಲ್ಲಿ ಸತ್ತ ಇಲಿ ಸಿಕ್ಕಿದ ದಿನ ಅಜ್ಜಿ ಮೂಗು ಮುಚ್ಚಿಕೊಳ್ಳಲಿಲ್ಲ. ‘ಒಂದೇನಾ? ಇನ್ನೂ ಬಿದ್ದಿದಾವಾ?’ ಅಂತ ಕೇಳಿದಳು. ಅವಳ ಕಾಲದವರಿಗೆ ‘ಇಲಿ ಬಿತ್ತು’ ಅಂದರೆ ಪ್ಲೇಗು ಬಂತು ಅಂತಲೇ ಅರ್ಥ. ಸುದ್ದಿ ಹಬ್ಬಿದ್ದೇ ತಡ, ಪಾತ್ರೆ ಪಡಗ ಕಟ್ಟಿಕೊಂಡು ಊರಾಚೆ ಹೊಲದಲ್ಲಿ ಗುಡಿಸಲು ಹಾಕುತ್ತಿದ್ದರು.

ಈ ಪ್ಲೇಗು ಬಂದದ್ದು ಬಂದರಿನ ಕಡೆಯಿಂದ. 1896ರಲ್ಲಿ ಮುಂಬಯಿಯ ಮಾಂಡ್ವಿಯಲ್ಲಿ ಕಾಣಿಸಿಕೊಂಡಿತು. ಹಡಗುಕಟ್ಟೆ ಪಕ್ಕದ ಕೇರಿ ಅದು. ಒಂದು ಕಡೆ ಕಾಳಿನ ಗೋದಾಮು, ಅದಕ್ಕೆ ಅಂಟಿಕೊಂಡೇ ಜನ ಕಿಕ್ಕಿರಿದ ಚಾಳುಗಳು. ಒಂದೊಂದು ಕೋಣೆಯಲ್ಲಿ ಇಡೀ ಸಂಸಾರ. ಕೊಳಕು, ಕೆಟ್ಟ ಗಾಳಿ ಇವೇ ಕಾರಣ ಅಂದುಕೊಂಡ ಅಧಿಕಾರಿಗಳು ಗೋಡೆಗೆ ಸುಣ್ಣ ಬಳಿಸಿದರು, ಚರಂಡಿಗೆ ಕಾರ್ಬಾಲಿಕ್ ಅನ್ನೋ ಕ್ರಿಮಿನಾಶಕ ಸುರಿಸಿದರು. ಚರಂಡಿಯ ಇಲಿ ಏನು ಮಾಡೀತು? ಇನ್ನೊಂದು ಮನೆ ನೋಡಿಕೊಳ್ಳುತ್ತದೆ, ಅಷ್ಟೇ.

ಅಸಲು ಕಳ್ಳ ಚಿಗಟ. 1898ರಲ್ಲಿ ಇನ್ನೊಂದು ಬಂದರು ಕರಾಚಿಯಲ್ಲಿ ಫ್ರೆಂಚ್ ವೈದ್ಯ ಪೌಲ್ ಲೂಯಿ ಸಿಮೋಂ ಇದನ್ನು ತೋರಿಸಿದ. ದೊಡ್ಡ ಗಾಜಿನ ಪಾತ್ರೆಯಲ್ಲಿ ಚಿಗಟ ಇದ್ದ ರೋಗದ ಇಲಿ. ಅದಕ್ಕೆ ತಾಗದ ಹಾಗೆ ತಂತಿ ಪಂಜರದಲ್ಲಿ ಆರೋಗ್ಯದ ಇಲಿ. ಕೆಲವೇ ದಿನಗಳಲ್ಲಿ ಅದೂ ಪ್ಲೇಗಿನಿಂದ ಸತ್ತಿತು. ಆತನ ಮಾತನ್ನು ಒಪ್ಪಲು ಉಳಿದವರಿಗೆ ವರ್ಷಗಳೇ ಬೇಕಾದವು.

ಇಲಿ ಸತ್ತು ಮೈ ತಣ್ಣಗಾದರೆ ಚಿಗಟ ಬಿಸಿ ರಕ್ತ ಹುಡುಕಿಕೊಂಡು ಹೊರಡುತ್ತದೆ. ರೋಗಾಣು ಅದರ ಹೊಟ್ಟೆಯ ಬಾಯಿಗೆ ಬಿರಡೆ ಹಾಕಿದಂತೆ ಕೂತಿರುತ್ತದೆ. ಕುಡಿದ ರಕ್ತ ಒಳಗಿಳಿಯುವುದಿಲ್ಲ, ಹಸಿವು ತೀರುವುದಿಲ್ಲ. ಮತ್ತೆ ಮತ್ತೆ ಕಚ್ಚುತ್ತದೆ. ಕಚ್ಚಿದಾಗಲೆಲ್ಲ ರೋಗಾಣು ಸಮೇತ ಕಕ್ಕುತ್ತದೆ. ಚಾಳಿನಲ್ಲಿ ಆ ಹಸಿದ ಚಿಗಟಕ್ಕೆ ಮನುಷ್ಯ ಎರಡು ಮೊಳ ದೂರ. ಹೊಲದ ಗುಡಿಸಲಿಗೆ ಹೋದವರು ಚಿಗಟವನ್ನು ಮನೆಯಲ್ಲೇ ಬಿಟ್ಟು ಹೋಗುತ್ತಿದ್ದರು! ಸಾಹೇಬರ ಸುಣ್ಣಕ್ಕಿಂತ ಇದೇ ವಾಸಿ, ಅಲ್ವಾ?

ರೈಲು ಹತ್ತಿದವರ ಕಥೆ ಬೇರೆ. ಮುಂಬಯಿ ಬಿಟ್ಟ ಲಕ್ಷಾಂತರ ಜನರ ಜೊತೆ ರೋಗವೂ ಹೊರಟಿತು. ಹುಬ್ಬಳ್ಳಿ ಮುಟ್ಟಿ, 1898ರ ಆಗಸ್ಟ್ ಹೊತ್ತಿಗೆ ಬೆಂಗಳೂರಿಗೆ ಬಂತು. ಆ ರೈಲುದಾರಿ ನಮ್ಮ ಅರಸೀಕೆರೆ ಮೇಲೇ ಹಾದುಹೋಗುತ್ತದೆ.

ಅದೇ ವರ್ಷ ಮುಂಬಯಿಯಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. ಕಿಷ್ಕಿಂಧೆಯಂಥ ಕೇರಿಗಳನ್ನು ಕೆಡವಿ ರಸ್ತೆ ಅಗಲ ಮಾಡಿತು. ಮನೆ ಕಳಕೊಂಡವರು ಪಕ್ಕದ ಕೇರಿಗೇ ನುಗ್ಗಿ, ಅಲ್ಲಿ ಇನ್ನೂ ಜಾಸ್ತಿ ಇಕ್ಕಟ್ಟಾಯಿತು. 1920ರ ದಶಕದಲ್ಲಿ ಸರ್ಕಾರವೇ ಕಟ್ಟಿಸಿದ ಬಿಡಿಡಿ (ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್) ಚಾಳುಗಳಲ್ಲೂ ಒಂದು ಕೋಣೆ ಸುಮಾರು 160 ಚದರಡಿ. ನಮ್ಮ ವಠಾರದ ನಡುಮನೆಯೂ ಹೆಚ್ಚುಕಮ್ಮಿ ಅಷ್ಟೇ ಇತ್ತು.

ನಮ್ಮ ಅಟ್ಟದಲ್ಲಿ ಬಿದ್ದದ್ದು ಒಂದೇ ಇಲಿ. ಆದರೂ ಅಜ್ಜಿ ಅದನ್ನು ಇಕ್ಕಳದಲ್ಲಿ ಎತ್ತಿ, ಹಿತ್ತಲಿಗೆ ಒಯ್ದು, ಸೀಮೆಎಣ್ಣೆ ಸುರಿದು ಸುಟ್ಟಳು.